ಮೂರು ಕೈಗಳ ದತ್ತಿ
ಬೆಂಗಳೂರಿನ ವಿಜ್ಞಾನಸಂಸ್ಥೆಯ ಕರಾರಿನ ಇತಿಹಾಸ

ದಾನವನ್ನು ಕೊಡುವದು ಕಠಿಣವಾದ ಕಾರ್ಯವೆಂಬುದು ನಿಜವಾದರೂ, ಕೊಟ್ಟ ದಾನವನ್ನು ಹಲವರು ಕೂಡಿ ನಡೆಯಿಸುವದು ಅದಕ್ಕಿಂತಲೂ ಕಠಿಣವಾದದ್ದಾಗಿದೆ. ಕನ್ನಡ ನಾಡಿನ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಶಿಲಾಶಾಸನಗಳೇ ಸಾಕ್ಷಿಯಾಗಿರುತ್ತವೆ. ಹಂಸಭಾವಿಗೆ ದೂರವಲ್ಲದ ಬಳ್ಳಿಗಾವೆಯಲ್ಲಿ ಕಾಳಾಮುಖ ಆಚಾರ್ಯರ ಕೋಡಿಯ ಮಠವೆಂಬ ಪ್ರಸಿದ್ಧವಾದ ಧರ್ಮಸಂಸ್ಥೆಯೊಂದಿತ್ತು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠಪ್ರವಚನಗಳು ನಡೆಯುತ್ತಿದ್ದವು. ಹಸಿದು ಬಂದ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು ಎಂದು 1162ನೆಯ ಇಸವಿಯ ಶಾಸನವು ವರ್ಣಿಸುತ್ತದೆ. ಇಷ್ಟೆಲ್ಲ ಕಾರ್ಯವು ಬರಿಯ ಭಕ್ತಿಯಿಂದ ನಡೆಯತಕ್ಕದ್ದಲ್ಲ. ಆದುದರಿಂದಲೇ ಆ ಕಾಲದ ದಾನಶಾಸನಗಳಲ್ಲಿ ಕೊಟ್ಟವರಾರು, ಆಚಾರ್ಯರ ಪಾದಗಳನ್ನು ತೊಳೆದು ಧಾರಾಪೂರ್ವಕವಾಗಿ ಪಡೆಸಿದ್ದು ಯಾರಿಗೆ, ಭೂಮಿಯ ಚತುಃಸೀಮೆ ಯಾವದು, ಅದರ ಉತ್ಪನ್ನದಲ್ಲಿ ದೇವರ ಅಂಗಭೋಗಕ್ಕೆಷ್ಟು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಷ್ಟು, ತಪೋಧನರ ಆಹಾರದಾನಕ್ಕೂ ವಿದ್ಯಾದಾನಕ್ಕೂ ಎಷ್ಟು ಎಂಬುದನ್ನು ಕಲ್ಲಿನ ಮೇಲೆ ಕಡೆಯಿಸಿ ನಿಲ್ಲಿಸುತ್ತಿದ್ದರು. ನಾಗಾವಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ಉಪಾಧ್ಯಾಯರಿಗೆ ಬೇರೆ ಭೂಮಿ, ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರಿಗೆ ಬೇರೆ ಭೂಮಿ ಎಂದು ವಿಂಗಡಿಸಿ ಹೇಳಿದೆ. ಕಟ್ಟಕಡೆಗೆ ಶಾಪಾಶಯವು ಇದ್ದೇ ಇರುವದು. ಕಟ್ಟಳೆಯನ್ನು ಮೀರಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಭಯವೇ ಆಗಿನ ಕೋರ್ಟೂ ಕಚೇರಿಯೂ ಆಗಿತ್ತು.

ಕಾಲವು ತಿರುಗಲಾಗಿ ಶಾಪದ ಸ್ಥಾನಕ್ಕೆ ಕಾಯಿದೆಯು ಬಂದಿತು. 1854ರಲ್ಲಿ ಕಂಪನಿ ಸರಕಾರದ ವಿಲಾಯತಿ ಅಧಿಕಾರಿಗಳು ಕಳುಹಿಸಿದ ವಿದ್ಯಾಖಾತೆಯ ಪ್ರಸಿದ್ಧ ಆಜ್ಞಾಪತ್ರದಿಂದ ಸಹಾಯಧನದ ಪದ್ಧತಿಯು ಆರಂಭವಾಯಿತು. ಸ್ಥಳೀಯರು ಕೂಡಿ ಶಾಲೆಯನ್ನು ನಡೆಯಿಸಬೇಕು. ಸರಕಾರದ ತನಿಖೆಗೆ ಒಪ್ಪಬೇಕು. ಅಂಥ ಶಾಲೆಗೆ ಸರಕಾರವು ಹಣದಲ್ಲಿ ಪಾಲುಗೊಡುವದು. ಇದು ಆ ಪದ್ಧತಿಯ ತಿರುಳು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಬೆಳಗಾಂವಿಗಳ ವೀರಶೈವ ಸಮಾಜವು ಈ ಪದ್ಧತಿಯೊಳಗೇ ಬೆಳೆಯಿತು. 1883ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಧಾರವಾಡದಲ್ಲಿ ಲಿಂಗಾಯತ ವಿದ್ಯಾನಿಧಿಯ ಸಂಘವನ್ನು ಕಟ್ಟಿದರು. 1916ರಲ್ಲಿ ಬೆಳಗಾಂವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಹುಟ್ಟಿಸಿದ ತರುಣ ಉಪಾಧ್ಯಾಯರು ತಮ್ಮ ಪ್ರಥಮ ಶಾಲೆಗೆ ಆ ಇಬ್ಬರ ಹೆಸರನ್ನೇ ಇಟ್ಟರು. ಅಂದಿನಿಂದ ಈ ಸೀಮೆಯ ಶಾಲೆ, ಪ್ರಸಾದನಿಲಯ, ಕಾಲೇಜುಗಳಲ್ಲಿ ದಾನಿಯದೊಂದು ಕೈ, ನಡೆಯಿಸುವ ಮಠದ ಅಥವಾ ಮಂಡಳದ್ದೊಂದು ಕೈ, ಸರಕಾರದ್ದೊಂದು ಕೈ ಎಂದು ಮೂರು ಕೈಗಳು ಕೂಡುತ್ತ ಬಂದಿವೆ. ಮೂರು ಕೈಗಳು ಕೂಡಿದಲ್ಲಿ ಮೂರು ಮನಸ್ಸುಗಳೂ ಕೂಡಬೇಕಾಗುತ್ತದೆ. ಇದು ಹೇಗೆ ಕೂಡಿತು, ಎಷ್ಟು ಕಾಲ ಹಿಡಿಯಿತು, ಎಲ್ಲಿ ಬಿರುಕು ಉಳಿಯಿತು ಎಂಬುದನ್ನು ತಿಳಿಯಲು ಕನ್ನಡ ನಾಡಿನಲ್ಲಿಯೇ ನಡೆದ ಒಂದು ದೊಡ್ಡ ದೃಷ್ಟಾಂತವಿದೆ. ಅದಾವದೆಂದರೆ, ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನಸಂಸ್ಥೆಯ ಸ್ಥಾಪನೆಗಾಗಿ 1898ರಿಂದ 1909ರ ವರೆಗೆ ನಡೆದ ವಾಟಾಘಾಟಿ.

ಈ ಸಂಸ್ಥೆಯ ಮೂಲಪುರುಷರಾದ ಜಮಶೇಟಜಿ ನಸರವಾನಜಿ ಟಾಟಾ ಇವರು 1839ರಲ್ಲಿ ಗುಜರಾಥದ ನವಸಾರಿಯಲ್ಲಿ ಜನಿಸಿದರು. 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ಆರಂಭಿಸಿ, ಅರಳೆಯ ಉದ್ಯೋಗದಲ್ಲಿ ಅಪಾರವಾದ ದ್ರವ್ಯವನ್ನು ಸಂಪಾದಿಸಿದರು. 1892ರಲ್ಲಿ ಹಿಂದೀ ವಿದ್ಯಾರ್ಥಿಗಳು ಪರದೇಶಕ್ಕೆ ಹೋಗಿ ಉಚ್ಚ ವಿದ್ಯೆಯನ್ನು ಸಂಪಾದಿಸಲೆಂದು ಒಂದು ನಿಧಿಯನ್ನು ಏರ್ಪಡಿಸಿದರು. ಅದು ಅವರೊಬ್ಬರ ಹಣ, ಅವರೊಬ್ಬರ ನಿಯಮ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲವಾದ್ದರಿಂದ ಅದು ತಡವಿಲ್ಲದೆ ನಡೆದುಹೋಯಿತು. ಆದರೆ 1898ರಲ್ಲಿ ಅವರು ಮನಸ್ಸಿಗೆ ತಂದ ಕಾರ್ಯವು ಬೇರೆ ತರದ್ದು. ಪದವೀಧರರಾದ ತರುಣರು ಇದೇ ದೇಶದಲ್ಲಿದ್ದು ಹೊಸ ಶೋಧಗಳನ್ನು ಮಾಡತಕ್ಕ ಒಂದು ಸಂಶೋಧನ ವಿಶ್ವವಿದ್ಯಾಲಯವು ಆಗಬೇಕೆಂದು ಅವರ ಬಯಕೆಯಾಗಿತ್ತು. ಅದಕ್ಕಾಗಿ ಮುಂಬಯಿಯಲ್ಲಿದ್ದ ಸುಮಾರು 30 ಲಕ್ಷ ರೂಪಾಯಿ ಬೆಲೆಯ ತಮ್ಮ ಸ್ಥಾವರ ಆಸ್ತಿಯನ್ನು ಬಿಟ್ಟುಕೊಡುವದಾಗಿ ಅವರು ಪ್ರಕಟಪಡಿಸಿದರು. ಅದರ ಬಾಡಿಗೆಯಿಂದ ವರ್ಷಕ್ಕೆ 1,25,000 ರೂಪಾಯಿ ಹುಟ್ಟಬಹುದೆಂದು ಲೆಕ್ಕವಿತ್ತು. ಅದೇ ವರ್ಷದ ನವೆಂಬರ 23ರಂದು ಅವರು ಸ್ವಾಮಿ ವಿವೇಕಾನಂದರಿಗೆ ಪತ್ರ ಬರೆದು ಈ ಕಾರ್ಯಕ್ಕೆ ಅವರ ನೆರವನ್ನು ಕೋರಿದ ಸಂಗತಿಯು ಎಲ್ಲರಿಗೂ ತಿಳಿದದ್ದೇ ಇದೆ.

ಇಷ್ಟು ದೊಡ್ಡ ದಾನವೂ ಆ ಕಾರ್ಯಕ್ಕೆ ಸಾಲದೆಂಬುದನ್ನು ಟಾಟಾ ಅವರು ಮೊದಲೇ ಅರಿತಿದ್ದರು. ಅವರ ಆಪ್ತರಾದ ಬರ್ಜೋರಜಿ ಪಾದಶಹ ಎಂಬವರು ಪರದೇಶಗಳ ವಿದ್ಯಾಪೀಠಗಳನ್ನು ನೋಡಿಕೊಂಡು ಬಂದು ಒಂದು ಮಸುದೆಯನ್ನು ಸಿದ್ಧಪಡಿಸಿದರು. 1898ರ ಡಿಸೆಂಬರ 30ರಂದು ಹೊಸ ವೈಸರಾಯರಾದ ಲಾರ್ಡ್ ಕರ್ಜನ್ನರು ಮುಂಬಯಿ ಬಂದರದಲ್ಲಿ ಇಳಿದರು. ಮರುದಿನವೇ ತಾತ್ಪೂರ್ತಿಕ ಸಮಿತಿಯವರು ಅವರನ್ನು ಕಂಡು ಆ ಮಸುದೆಯನ್ನು ಒಪ್ಪಿಸಿದರು. ಅಧಿಕಾರವನ್ನು ಇನ್ನೂ ವಹಿಸಿಕೊಳ್ಳದ ವೈಸರಾಯರ ಮುಂದೆ ಮೊದಲನೆಯ ದಿನವೇ ಇಂಥ ಭಾರವನ್ನು ಇಟ್ಟದ್ದು ಸಮಿತಿಯವರ ಉತ್ಸಾಹವನ್ನು ತೋರಿಸುತ್ತದೆ. ಅವರ ಧೋರಣೆಯ ವಿಷಯವಾಗಿ ಅಷ್ಟು ಹೇಳಲಾಗದು. ಕರ್ಜನ್ನರು ವಿನಯದಿಂದ ಕೇಳಿದರಾದರೂ ಎರಡು ಸಂಶಯಗಳನ್ನು ಮುಂದಿಟ್ಟರು. ಇಂಥ ಉಚ್ಚ ಶೋಧಕ್ಕೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ದೊರೆಯುವರೇ ಎಂಬುದೊಂದು. ದೊರೆತು ಕಲಿತರೂ ಅವರಿಗೆ ಉದ್ಯೋಗವೆಲ್ಲಿ ಎಂಬುದು ಇನ್ನೊಂದು. ಈ ಪ್ರಶ್ನೆಗಳನ್ನು ಕೇವಲ ಪರಕೀಯನ ತಾತ್ಸಾರವೆಂದು ತಳ್ಳಿಬಿಡುವವರುಂಟು. ಹಣವನ್ನು ಕೊಡಬೇಕಾದವನು ಕೇಳತಕ್ಕ ಪ್ರಶ್ನೆಗಳು ಅವೇ ಆಗಿದ್ದವೆಂದು ಒಪ್ಪಿಕೊಳ್ಳುವದೇ ಹೆಚ್ಚು ನ್ಯಾಯವಾದದ್ದು. ಆದರೆ ಆ ಪ್ರಶ್ನೆಗಳಿಗೆ ಉತ್ತರವು ಕಾಗದಪತ್ರಗಳಿಂದ ದೊರೆಯುವಂಥದ್ದಾಗಿರಲಿಲ್ಲ. ಸಂಸ್ಥೆಯನ್ನು ನಡೆಯಿಸಿಯೇ ಕೊಡಬೇಕಾಗಿತ್ತು. ಏಳು ವರ್ಷಗಳ ವಿಳಂಬಕ್ಕೆ ಮುಖ್ಯ ಕಾರಣವು ಇಲ್ಲಿಯೇ ಇದೆ.

ಎರಡನೆಯ ತೊಡಕು ದಾನಿಯ ಕಡೆಯಿಂದಲೇ ಬಂದಿತು. ಟಾಟಾ ಅವರು ತಮ್ಮ ವಂಶದ ಆಸ್ತಿಯ ವ್ಯವಸ್ಥೆಯನ್ನೂ ಈ ವಿದ್ಯಾದತ್ತಿಯನ್ನೂ ಒಂದೇ ಕಾಯಿದೆಯ ಕಟ್ಟಿನಲ್ಲಿ ಸೇರಿಸಬೇಕೆಂದು ಮೊದಲು ಅಪೇಕ್ಷಿಸಿದ್ದರು. ವ್ಯಾಪಾರಿಯ ಐಶ್ವರ್ಯವು ಎರಡು ತಲೆಗಳಲ್ಲಿ ಕರಗಿಹೋಗುವದನ್ನು ಕಂಡವರು ಅವರು. ಆಸ್ತಿಯು ಒಡೆಯದೆ ಉಳಿದರೆ ಮನೆತನವೂ ಉಳಿಯುವದು, ಧರ್ಮವೂ ಉಳಿಯುವದು ಎಂಬ ಎಣಿಕೆಯು ಅಸಹಜವಾದದ್ದಲ್ಲ. ಸರಕಾರವು ಇದಕ್ಕೆ ಒಡಂಬಡಲಿಲ್ಲ. ಸಾರ್ವಜನಿಕ ದತ್ತಿಗೆ ಕೊಡುವ ಸರಕಾರಿ ಹಣವು ಒಂದು ಮನೆತನದ ಹಿತದೊಡನೆ ಹೆಣೆದುಕೊಳ್ಳಬಾರದೆಂಬುದು ಅದರ ವಾದವಾಗಿತ್ತು. ಈ ವಾದದಲ್ಲಿ ಸರಕಾರದ ಪಕ್ಷವೇ ಬಲವಾದದ್ದು. ಟಾಟಾ ಅವರ ದೊಡ್ಡಸ್ತಿಕೆಯೂ ಇಲ್ಲಿಯೇ ಕಂಡುಬರುತ್ತದೆ. ಅವರು ತಮ್ಮ ಷರತ್ತನ್ನು ಹಿಂದಕ್ಕೆ ತೆಗೆದುಕೊಂಡರು. ದಾನವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಂಸ್ಥೆಗೆ ತಮ್ಮ ಹೆಸರನ್ನಿಡಬೇಕೆಂಬ ನಿಯಮವನ್ನೂ ಅವರು ಹಾಕಲಿಲ್ಲ. ದಾನಿಗಳ ಹೆಸರಿನ ಪ್ರಶ್ನೆಯಿಂದಲೇ ಎಷ್ಟು ಸಮಿತಿಗಳ ಸಭೆಗಳು ಮುರಿದುಹೋಗಿವೆಯೆಂಬುದನ್ನು ಕಂಡವರಿಗೆ ಇದರ ಬೆಲೆಯು ತಿಳಿಯುವದು. ಹೆಸರು ಬಿಟ್ಟದ್ದರಿಂದ ಮೈಸೂರ ದರಬಾರಕ್ಕೂ ಹಿಂದುಸ್ತಾನ ಸರಕಾರಕ್ಕೂ ಇದು ತಮ್ಮದೂ ಹೌದೆನ್ನಲು ಆಸ್ಪದವಾಯಿತು.

ಮೂರನೆಯದು ಆಸ್ತಿಯ ಬೆಲೆಯ ಪ್ರಶ್ನೆ. 1896ರಿಂದ ಮುಂಬಯಿಯಲ್ಲಿ ಪ್ಲೇಗಿನ ಹಾವಳಿಯು ಎದ್ದು, ಜನರು ಊರು ಬಿಟ್ಟು ಓಡಿಹೋಗುತ್ತಿದ್ದ ಕಾಲವದು. ಮನೆಬಾಡಿಗೆಯ ಉತ್ಪನ್ನವು ಹೊಲದ ಫಸಲಿನಂತೆ ಏರಿಳಿತಕ್ಕೆ ಒಳಪಟ್ಟದ್ದು. 30 ಲಕ್ಷವೆಂಬ ಬೆಲೆಯೂ 1,25,000 ಎಂಬ ವಾರ್ಷಿಕ ಉತ್ಪನ್ನವೂ ಕಾಗದದ ಮೇಲೆ ಎಷ್ಟು ನಿಶ್ಚಿತವಾಗಿ ಕಂಡರೂ, ಒಂದು ವರ್ಷ ಬಾಡಿಗೆ ಕಡಿಮೆಯಾದರೆ ಪ್ರೊಫೆಸರರ ಸಂಬಳವನ್ನು ಯಾರು ಕೊಡತಕ್ಕದ್ದೆಂಬ ಪ್ರಶ್ನೆಯು ಉಳಿದೇ ಉಳಿಯುವದು. ಹಳ್ಳಿಯ ಕೆರೆಗೆ ಬಿಟ್ಟ ಮಾನ್ಯದ ಭೂಮಿಯು ಬರಗಾಲದಲ್ಲಿ ಬೆಳೆಯದೆ ಹೋದರೆ ಏರಿಯ ಮಣ್ಣನ್ನು ಯಾರು ಹೊರಬೇಕೆಂಬ ಹಳೆಯ ಪ್ರಶ್ನೆಯೇ ಇದು.

ಈ ಮಧ್ಯೆ ಯೋಜನೆಯನ್ನು ಪರೀಕ್ಷಿಸುವದಕ್ಕಾಗಿ ಪ್ರಸಿದ್ಧ ರಸಾಯನಶಾಸ್ತ್ರಜ್ಞರಾದ ವಿಲಿಯಮ್ ರಾಮ್ಸೆ ಎಂಬವರನ್ನು ವಿಲಾಯತಿಯಿಂದ ಕರೆಯಿಸಲಾಯಿತು. ಇವರು 1900ರಲ್ಲಿ ದೇಶವನ್ನು ಸುತ್ತಿ ನೋಡಿ, ಸಂಸ್ಥೆಗೆ ಬೆಂಗಳೂರೇ ಯೋಗ್ಯವಾದ ಸ್ಥಳವೆಂದು ಅಭಿಪ್ರಾಯಪಟ್ಟರು. ಇವರಿಗೆ ಮುಂದೆ 1904ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಅವರ ವೆಚ್ಚದ ಅಂದಾಜು ಸರಕಾರಕ್ಕೆ ದೊಡ್ಡದಾಗಿ ಕಂಡಿತು. 1901ರಲ್ಲಿ ಮೆಲ್ಬೋರ್ನಿನ ಪ್ರೊಫೆಸರ ಮ್ಯಾಸನ್ ಮತ್ತು ರೂರ್ಕಿ ಇಂಜಿನೀಯರಿಂಗ ಕಾಲೇಜಿನ ಕರ್ನಲ್ ಕ್ಲಿಬರ್ನ್ ಎಂಬಿಬ್ಬರ ಸಮಿತಿಯು ನೇಮಕವಾಗಿ, ಅದು ಯೋಜನೆಯನ್ನು ಇನ್ನಷ್ಟು ಕಿರಿದುಗೊಳಿಸಿತು. ಮೊದಲನೆಯ ಮಸುದೆಯಲ್ಲಿ ವಿಜ್ಞಾನ, ಯಂತ್ರವಿದ್ಯೆಗಳಲ್ಲದೆ ವೈದ್ಯಕ, ತತ್ತ್ವಜ್ಞಾನ, ಶಿಕ್ಷಣಶಾಸ್ತ್ರ ಮೊದಲಾದ ಶಾಖೆಗಳೂ ಇದ್ದವು. ಪರೀಕ್ಷಕರ ಕೈಯಿಂದ ಕೈಗೆ ಹೋಗುತ್ತಿರಲು ಒಂದೊಂದೇ ಶಾಖೆಯು ಉದುರಿಬಿದ್ದು, ರಸಾಯನಶಾಸ್ತ್ರ ಮತ್ತು ವಿದ್ಯುತ್ತಿನ ಶಾಸ್ತ್ರಗಳು ಮುಂದಕ್ಕೆ ಬಂದವು. ಉದುರಿದ ಶಾಖೆಗಳು ಪಾದಶಹರ ಮನಸ್ಸಿನಿಂದ ಉದುರಲಿಲ್ಲವೆಂಬುದನ್ನು ವಾಚಕರು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಇನ್ನು ಮೈಸೂರಿನ ಸಂಗತಿಗೆ ಬರಬಹುದು. ಕನ್ನಡಿಗರು ಈ ಇತಿಹಾಸದಲ್ಲಿ ಅಭಿಮಾನಪಡತಕ್ಕ ಭಾಗವು ಇದೇ. 1898ರ ಆಗಸ್ಟದಲ್ಲಿ ಬೆಂಗಳೂರಿಗೂ ಪ್ಲೇಗು ತಗಲಿತ್ತು. ಮೈಸೂರ ಸಂಸ್ಥಾನವು ಬ್ರಿಟಿಷ ಸರಕಾರಕ್ಕೆ ವರ್ಷಂಪ್ರತಿ 35 ಲಕ್ಷ ರೂಪಾಯಿ ಪೊಗದಿಯನ್ನು ಸಲ್ಲಿಸಬೇಕಾಗಿತ್ತು. ಮಹಾರಾಜರು ಇನ್ನೂ ಬಾಲಕರಾಗಿದ್ದು, ಮಾತೃಶ್ರೀಯವರಾದ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳಾಗಿ ರಾಜ್ಯಭಾರ ಮಾಡುತ್ತಿದ್ದರು. ಇಂಥ ಸಮಯದಲ್ಲಿ ದಿವಾಣರಾದ ಸರ್ ಕೆ. ಶೇಷಾದ್ರಿ ಅಯ್ಯರರು ಈ ಸಂಸ್ಥೆಯನ್ನು ಬೆಂಗಳೂರಿಗೆ ತರಲು ಕೈಹಾಕಿದರು. ಭೂಮಿ, ಕಟ್ಟಡಗಳಿಗೆ ಹಣ, ವಾರ್ಷಿಕ ಸಹಾಯ ಈ ಮೂರನ್ನೂ ಸಂಸ್ಥಾನವು ಕೊಡಲೊಪ್ಪಿತು. ಕೊನೆಗೆ ಸ್ಥಿರವಾದ ಲೆಕ್ಕದ ಪ್ರಕಾರ ಭೂಮಿಯು 371 ಎಕರೆಯಷ್ಟು, ಕಟ್ಟಡಗಳಿಗೆ 5 ಲಕ್ಷ ರೂಪಾಯಿ, ವರ್ಷಕ್ಕೆ 50,000 ರೂಪಾಯಿ. ಶೇಷಾದ್ರಿ ಅಯ್ಯರರ ಲೆಕ್ಕಾಚಾರವನ್ನು ಊಹಿಸುವದು ಕಷ್ಟವಲ್ಲ. ಅವರ ಕಾಲದಲ್ಲಿಯೇ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಹುಟ್ಟಿಸುವ ಕೆಲಸವು ಆರಂಭವಾಗಿತ್ತು. 1902ರಲ್ಲಿ ಅದು ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿತು, 1905ರಲ್ಲಿ ಬೆಂಗಳೂರ ನಗರವನ್ನು ಬೆಳಗಿತು. ವಿದ್ಯುತ್ತಿನ ಶಕ್ತಿಯು ಇದ್ದಲ್ಲಿ ಅದರ ಶಾಸ್ತ್ರವನ್ನು ಬಲ್ಲವರೂ ಬೇಕಾಗುವರಷ್ಟೆ.

ಶೇಷಾದ್ರಿ ಅಯ್ಯರರು ಇದಾವದನ್ನೂ ಕಾಣಲಿಲ್ಲ. ಹದಿನೆಂಟು ವರ್ಷ ದಿವಾಣಗಿರಿಯನ್ನು ನಡೆಯಿಸಿ ನಿವೃತ್ತರಾದ ಅವರು 1901ರ ಸೆಪ್ಟೆಂಬರದಲ್ಲಿಯೇ ತೀರಿಕೊಂಡರು. ಅವರ ತರುವಾಯ ಪಿ. ಎನ್. ಕೃಷ್ಣಮೂರ್ತಿಗಳು, ವಿ. ಪಿ. ಮಾಧವರಾಯರು, ಟಿ. ಆನಂದರಾಯರು ಕ್ರಮವಾಗಿ ದಿವಾಣರಾದರು; 1902ರಲ್ಲಿ ಶ್ರೀ ಕೃಷ್ಣರಾಜ ಒಡೆಯರವರು ರಾಜ್ಯಭಾರವನ್ನು ವಹಿಸಿಕೊಂಡರು. ಅಧಿಕಾರವು ಇಷ್ಟು ಕೈಗಳಿಗೆ ದಾಟಿದರೂ ಮೈಸೂರ ಸಂಸ್ಥಾನವು ಕೊಟ್ಟ ಮಾತಿನಿಂದ ಹಿಂಜರಿಯಲಿಲ್ಲ. ಒಬ್ಬ ಅಧಿಕಾರಿಯು ಒಪ್ಪಿದ್ದನ್ನು ಮುಂದೆ ಬಂದವನು ತನ್ನದಲ್ಲವೆನ್ನುವದು ಎಲ್ಲ ಕಾಲದ ಕಚೇರಿಗಳಲ್ಲಿಯೂ ಕಂಡುಬರುವ ರೋಗವಾಗಿರಲು, ಈ ಸಂಗತಿಯು ವಿಶೇಷವಾದದ್ದೇ ಸರಿ.

ಅತ್ತ ಟಾಟಾ ಅವರೂ ಒಪ್ಪಂದವು ಮುಗಿಯುವದನ್ನು ಕಾಣಲಿಲ್ಲ. 1904ರ ಮೇ 19ರಂದು ಜರ್ಮನಿಯ ನಾಉಹೈಮ್ ಎಂಬಲ್ಲಿ ಅವರು ಕಾಲವಾದರು. ಆಗ ಸರಕಾರದ ಅಂತಿಮ ಒಪ್ಪಿಗೆಯು ಬಂದಿರಲಿಲ್ಲ, ಆಸ್ತಿಯು ವರ್ಗವಾಗಿರಲಿಲ್ಲ. ಮಕ್ಕಳಾದ ದೊರಾಬಜಿ ಮತ್ತು ರತನಜಿಯವರು ಬಯಸಿದ್ದರೆ ತಂದೆಯ ಮಾತನ್ನು ಕಾಗದದಲ್ಲಿಯೇ ಬಿಡಬಹುದಾಗಿತ್ತು. ಅವರು ಹಾಗೆ ಮಾಡದೆ ದಾನವನ್ನು ಪೂರ್ಣವಾಗಿ ಎತ್ತಿಹಿಡಿದರು. ಸರಕಾರವೂ 1905ರಲ್ಲಿ ಒಪ್ಪಿಗೆಯನ್ನಿತ್ತಿತು.

ಇದೇ ಕಾಲದಲ್ಲಿ ವೀರಶೈವ ಸಮಾಜದ ಒಂದು ಮಹಾದಾನವೂ ನಡೆಯಿತೆಂಬುದನ್ನು ಇಲ್ಲಿ ನೆನೆಯದೆ ಇರಲಾಗದು. ಟಾಟಾ ಅವರು ತೀರಿಕೊಂಡ 1904ರಲ್ಲಿಯೇ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ಕೂಡಿತು. ಅದರ ಅಧ್ಯಕ್ಷರಾಗಿದ್ದ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ನವಲಗುಂದ ಶಿರಸಂಗಿ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ವಿದ್ಯೆಗಾಗಿ ಬಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಆ ಆಸ್ತಿಯ ವಿಷಯವಾಗಿ ನ್ಯಾಯಾಲಯಗಳಲ್ಲಿ ವರ್ಷಾನುವರ್ಷ ವ್ಯಾಜ್ಯವು ನಡೆದು, ದಾನಿಯ ಸಂಕಲ್ಪವು ಫಲಿಸಲು ಬಹುಕಾಲ ಹಿಡಿಯಿತು. 1933ರಲ್ಲಿ ಬೆಳಗಾಂವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾಗುವ ಹೊತ್ತಿಗೆ ದಾನಿಯು ಲಿಂಗೈಕ್ಯರಾಗಿ ಇಪ್ಪತ್ತೇಳು ವರ್ಷಗಳಾಗಿದ್ದವು. ಔದಾರ್ಯದಲ್ಲಿ ಲಿಂಗರಾಜರು ಟಾಟಾ ಅವರಿಗಿಂತ ಎಳ್ಳಷ್ಟೂ ಕಡಿಮೆಯವರಲ್ಲ. ಇದ್ದುದೆಲ್ಲವನ್ನೂ ಕೊಟ್ಟವರೆಂಬ ದೃಷ್ಟಿಯಿಂದ ಒಂದು ಕೈ ಮೇಲೆಂದೂ ಹೇಳಬಹುದು. ಭೇದವಿದ್ದದ್ದು ದಾನದ ರೂಪದಲ್ಲಿ. ಮೃತ್ಯುಪತ್ರವು ಒಬ್ಬರೇ ಬರೆಯುವ ಪತ್ರ. ಅದರ ಬಗ್ಗೆ ತಕರಾರು ಏಳುವ ಹೊತ್ತಿಗೆ ಬರೆದವರು ಉತ್ತರಿಸಲು ಉಳಿದಿರುವದಿಲ್ಲ. ಟಾಟಾ ಅವರ ಷರತ್ತುಗಳ ಮೇಲಿನ ತಕರಾರುಗಳೆಲ್ಲ ಅವರು ಬದುಕಿರುವಾಗಲೇ ಎದ್ದು, ಅವರ ಬಾಯಿಂದಲೇ ಸಮಾಧಾನವನ್ನು ಪಡೆದಿದ್ದವು. ಮಕ್ಕಳ ಕೈಗೆ ಬಂದದ್ದು ಆರು ವರ್ಷ ಜಗ್ಗಾಡಿ ಹದಗೊಂಡ ಮಾತು. ಆ ವಿಳಂಬವನ್ನು ಬೈಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಕರಾರಿನ ಒಡಲನ್ನು ಸ್ವಲ್ಪ ಬಿಡಿಸಿ ನೋಡತಕ್ಕದ್ದಿದೆ. 1909ರ ಮೇ 27ರಂದು ಹಿಂದುಸ್ತಾನ ಸರಕಾರವು 1890ರ ಧರ್ಮದತ್ತಿಗಳ ಕಾಯಿದೆಯ ಮೇರೆಗೆ ಹಸ್ತಾಂತರದ ಆಜ್ಞೆಯನ್ನು ಹೊರಡಿಸಿತು. ಈ ಕಾಯಿದೆಯ ಜಾಣತನವು ಒಂದು ಸಣ್ಣ ಸಂಗತಿಯಲ್ಲಿದೆ. ದತ್ತಿಯ ಆಸ್ತಿಯು ಧರ್ಮದತ್ತಿಗಳ ಖಜಾನಿಯೆಂಬ ಸರಕಾರಿ ಅಧಿಕಾರಿಯ ಹೆಸರಿನಲ್ಲಿ ಇರುವದು. ಆದರೆ ಆ ಅಧಿಕಾರಿಗೆ ದತ್ತಿಯ ಕಾರ್ಯವನ್ನು ನಡೆಯಿಸುವ ಹಕ್ಕಿಲ್ಲ. ನಡೆಯಿಸುವವರು ಬೇರೆ. ಅವರು ದಾನಿಗಳ ಒಪ್ಪಿಗೆಯಿಂದ ಮೊದಲೇ ನಿರ್ಣಯವಾದ ಒಂದು ವ್ಯವಸ್ಥಾಪತ್ರದಂತೆ ನಡೆಯತಕ್ಕವರು. ಹೀಗೆ ಆಸ್ತಿಯನ್ನು ಹಿಡಿದವನು ಕಾರ್ಯದಲ್ಲಿ ಕೈಹಾಕಲಾರ, ಕಾರ್ಯವನ್ನು ನಡೆಯಿಸುವವನು ಆಸ್ತಿಯನ್ನು ಮಾರಲಾರ. ಹಳೆಯ ಶಾಸನಗಳಲ್ಲಿ ಭೂಮಿಯು ದೇವರ ಹೆಸರಿನಲ್ಲಿದ್ದು, ಸ್ಥಾನಾಚಾರ್ಯರು ಅದರ ಉತ್ಪನ್ನದಿಂದ ಧರ್ಮವನ್ನು ನಡೆಯಿಸುತ್ತಿದ್ದ ರೀತಿಗೂ ಇದಕ್ಕೂ ಹೋಲಿಕೆಯಿದೆ. ಆದರೆ ಇಲ್ಲಿ ಒಂದು ವಿಚಿತ್ರವಾದ ತೊಡಕೂ ಇತ್ತು. ಟಾಟಾ ಅವರ ಮನೆಗಳು ಮುಂಬಯಿಯಲ್ಲಿದ್ದವು; ಮೈಸೂರು ಕೊಟ್ಟ ನೆಲವು ದೇಶೀ ಸಂಸ್ಥಾನದ ನೆಲವಾಗಿತ್ತು. ಬ್ರಿಟಿಷ ಹಿಂದುಸ್ತಾನದ ಕಾಯಿದೆಯು ಆ ನೆಲದ ಮೇಲೆ ತಾನಾಗಿಯೇ ನಡೆಯತಕ್ಕದ್ದಲ್ಲ. ಎರಡು ರಾಜ್ಯಗಳ ನಡುವಣ ಸೌಹಾರ್ದವೇ ಅಲ್ಲಿ ಕಾಯಿದೆಯ ಕೆಲಸವನ್ನೂ ಮಾಡಬೇಕಾಗಿತ್ತು.

ಹಣದ ಪಾಲಿನ ನಿಯಮವು ಇನ್ನೂ ಸ್ವಾರಸ್ಯವಾದದ್ದು. ಟಾಟಾ ದತ್ತಿಯಿಂದ 1,25,000, ಮೈಸೂರಿನಿಂದ 50,000, ಒಟ್ಟು 1,75,000 ರೂಪಾಯಿ. ಇದರ ಅರ್ಧದಷ್ಟನ್ನು, ಅಂದರೆ 87,500 ರೂಪಾಯಿಗಳನ್ನು ಹಿಂದುಸ್ತಾನ ಸರಕಾರವು ವರ್ಷಂಪ್ರತಿ ಕೊಡತಕ್ಕದ್ದು. ಎಲ್ಲ ಕೂಡಿ 2,62,500. ಅದರಲ್ಲಿ ಸರಕಾರದ್ದು ಸರಿಯಾಗಿ ಮೂರರಲ್ಲೊಂದು ಪಾಲು. ಇದು ಶಾಲೆಗಳ ಸಹಾಯಧನದ ಸೂತ್ರದ ಸಂಬಂಧಿಯೇ ಎಂಬುದು ಸ್ಪಷ್ಟವಾಗಿದೆ. ಬರಿಯ ಅಂಕಿಯನ್ನು ಬರೆಯದೆ ಪ್ರಮಾಣವನ್ನು ಗೊತ್ತುಪಡಿಸಿದ್ದರಿಂದ ಎರಡು ಫಲಗಳಾದವು. ಹೊಸ ದಾನವೊಂದು ಬಂದರೆ ಸರಕಾರದ ಪಾಲೂ ಬೆಳೆಯಲು ಮಾರ್ಗವಾಯಿತು; ಹೊಸ ದಾನಿಯ ಒಂದು ರೂಪಾಯಿ ಒಂದೂವರೆಯಾಗುವದೆಂದರೆ ಕೇಳಲು ಹೋಗುವವರಿಗೂ ಧೈರ್ಯ ಬರುವದು. ಆದರೆ ಬೇರೆ ಇಬ್ಬರಲ್ಲಿ ಒಬ್ಬನು ಹಿಂದೆಗೆದರೆ ಅವನ ಪಾಲಷ್ಟೇ ಅಲ್ಲ, ಅದರ ಬೆನ್ನಿಗೆ ಕಟ್ಟಿದ ಸರಕಾರದ ಪಾಲೂ ಹೋಗುವ ಭಯವಿತ್ತು. ಹೀಗಾಗಿ ಒಬ್ಬನ ವಚನಭಂಗವು ಉಳಿದವರಿಗೂ ತಗಲುವಂತೆ ಗಂಟು ಹಾಕಲಾಗಿತ್ತು.

ಆಡಳಿತಕ್ಕಾಗಿ ಒಂದು ದೊಡ್ಡ ಸಭೆಯೂ ಒಂದು ಕಾರ್ಯಕಾರೀ ಮಂಡಳವೂ ಏರ್ಪಟ್ಟು, ಅವುಗಳಲ್ಲಿ ಮೂರು ಪಕ್ಷಗಳಿಗೂ ಸ್ಥಾನವು ದೊರೆಯಿತು. 1911ರ ಫೆಬ್ರುವರಿ 1ರಂದು ಶ್ರೀ ಕೃಷ್ಣರಾಜ ಒಡೆಯರವರು ಕಟ್ಟಡದ ಅಸ್ತಿಭಾರವನ್ನು ಇಟ್ಟರು. ಅದೇ ವರ್ಷದ ಜುಲೈ 24ರಂದು ಮೊದಲನೆಯ ವಿದ್ಯಾರ್ಥಿಗಳು ಸೇರಿದರು. ಲಿಂಗೈಕ್ಯ ಹಾನಗಲ್ಲ ಕುಮಾರ ಸ್ವಾಮಿಗಳವರು ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ್ದೂ ಹಸ್ತಾಂತರದ ಆಜ್ಞೆಯು ಹೊರಟ 1909ರಲ್ಲಿಯೇ ಎಂಬುದು ಈ ಭಾಗದವರಿಗೆ ಕಾಲವನ್ನು ನೆನಪಿಡಲು ಅನುಕೂಲವಾದ ಕಾಕತಾಳೀಯ.

ಕರಾರು ಎಲ್ಲಿ ಸ್ಪಷ್ಟವಾಗಿತ್ತೋ ಅಲ್ಲಿ ಜಗಳವಾಗಲಿಲ್ಲ. ಹಣದ ಪಾಲು, ನೆಲ, ಹೆಸರು ಇವುಗಳ ಬಗ್ಗೆ ಮುಂದೆ ಬಿರುಕು ಹುಟ್ಟಿದ್ದು ಕಾಣದು. ಬಿರುಕು ಹುಟ್ಟಿದ್ದು ಎರಡು ಕಡೆ. ಮೊದಲನೆಯದು ಉದ್ದೇಶದ ಕಲಮು. ಹಿಂದುಸ್ತಾನದ ಭೌತಿಕ ಮತ್ತು ಔದ್ಯೋಗಿಕ ಹಿತವನ್ನು ಬೆಳೆಸಬಹುದಾದ ಎಲ್ಲ ಜ್ಞಾನಶಾಖೆಗಳೂ ಸಂಸ್ಥೆಯ ವ್ಯಾಪ್ತಿಗೆ ಸೇರುವಂತೆ ಅದನ್ನು ವಿಶಾಲವಾಗಿ ಬರೆಯಲಾಗಿತ್ತು. ಕೇಳಲು ಇದು ಎಲ್ಲರಿಗೂ ಹಿತವಾಗಿತ್ತು. ಯಾಕಂದರೆ ಎಲ್ಲರೂ ಅದರಲ್ಲಿ ತಮಗೆ ಬೇಕಾದದ್ದನ್ನು ಓದಿಕೊಳ್ಳಬಹುದಾಗಿತ್ತು. ಮೊದಲನೆಯ ಡೈರೆಕ್ಟರರಾದ ಮಾರಿಸ್ ಟ್ರಾವರ್ಸರು ರಾಮ್ಸೆಯವರ ಶಿಷ್ಯರು. 1898ರಲ್ಲಿ ಗುರುವಿನೊಡನೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ವಾಯುಗಳನ್ನು ಕಂಡುಹಿಡಿದವರು. ಅವರ ಕಣ್ಣಿಗೆ ಸಂಸ್ಥೆಯು ಪ್ರಯೋಗಶಾಲೆಯಾಗಿತ್ತು. ಉದುರಿಹೋದ ಶಾಖೆಗಳನ್ನು ಮರೆಯದ ಪಾದಶಹರ ಕಣ್ಣಿಗೆ ಅದು ಇನ್ನೂ ವಿಶ್ವವಿದ್ಯಾಲಯವಾಗಿಯೇ ಇತ್ತು. ಎರಡನೆಯದು ಅಧಿಕಾರದ ಕಲಮು. ಡೈರೆಕ್ಟರನ ಅಧಿಕಾರವು ಎಲ್ಲಿ ಮುಗಿಯುವದು, ಮಂಡಳದ್ದು ಎಲ್ಲಿ ಆರಂಭವಾಗುವದು ಎಂಬ ಬಗ್ಗೆ ವಾದವು ಬೆಳೆಯುತ್ತ ಹೋಯಿತು. 1906ರಲ್ಲಿ ಬಂದ ಟ್ರಾವರ್ಸರು ಇನ್ನೂ ಕಾರ್ಯವು ಬೇರೂರುತ್ತಿರುವಾಗಲೇ 1914ರಲ್ಲಿ ಸಂಸ್ಥೆಯನ್ನು ಬಿಟ್ಟು ಹೋದರು. ಸಂಸ್ಥೆಯನ್ನು ಇಟ್ಟಿಗೆ ಕಲ್ಲಿನಿಂದ ಎಬ್ಬಿಸಿದವರು ಅದರ ಫಲವನ್ನು ಕಾಣದೆ ಹೋದದ್ದು ವ್ಯಸನಕರವಾದ ಸಂಗತಿಯೇ. ಆದರೆ ಅದರ ದೋಷವನ್ನು ಒಬ್ಬರ ಸ್ವಭಾವದ ಮೇಲೆ ಹೊರಿಸುವದಕ್ಕಿಂತ, ಹನ್ನೊಂದು ವರ್ಷ ಚರ್ಚಿಸಿಯೂ ಈ ಎರಡು ಕಲಮುಗಳನ್ನು ಸಡಿಲಾಗಿ ಬಿಟ್ಟವರ ಮೇಲೆ ಹೊರಿಸುವದು ಯುಕ್ತವಾಗಿದೆ.

ಸಂಸ್ಥೆಯ ಕಾರ್ಯವನ್ನು ಹೊರಗಿನ ಪಂಡಿತರಿಂದ ಕಾಲಕಾಲಕ್ಕೆ ಪರೀಕ್ಷಿಸುವ ಪದ್ಧತಿಯು ಮಾತ್ರ ಉಪಯುಕ್ತವಾಯಿತು. 1921ರಲ್ಲಿ ಸರ್ ವಿಲಿಯಮ್ ಪೋಪರ ಸಮಿತಿ, 1931ರಲ್ಲಿ ಸೀವೆಲ್ಲರ ಸಮಿತಿ, 1936ರಲ್ಲಿ ಸರ್ ಜೇಮ್ಸ್ ಅರ್ವಿನರ ಸಮಿತಿ ಹೀಗೆ ಪರೀಕ್ಷೆಗಳಾದವು. ಕೊನೆಯ ಸಮಿತಿಯು ಬಂದದ್ದು ಸರ್ ಚಂದ್ರಶೇಖರ ವೆಂಕಟ ರಾಮನ್ನರು ಡೈರೆಕ್ಟರರಾಗಿದ್ದಾಗ. ಅಧಿಕಾರದ ಕುರಿತಾದ ಹಳೆಯ ಕಲಹವೇ ಹೊಸ ವೇಷದಲ್ಲಿ ತಲೆಯೆತ್ತಿತ್ತು. 1937ರಲ್ಲಿ ರಾಮನ್ನರು ಡೈರೆಕ್ಟರಗಿರಿಯನ್ನು ಬಿಟ್ಟರು. ಆದರೆ ಭೌತಶಾಸ್ತ್ರದ ಪ್ರೊಫೆಸರರಾಗಿ 1948ರ ವರೆಗೆ ಅಲ್ಲಿಯೇ ಉಳಿದರು.

ಮೈಸೂರು ಸಂಸ್ಥಾನಕ್ಕೆ ತನ್ನ 50,000 ರೂಪಾಯಿಗಳಿಂದ ದೊರೆತದ್ದೇನೆಂದು ಕೇಳುವವರಿಗೆ ಒಂದು ಉತ್ತರವುಂಟು. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ಮರವು ಜರ್ಮನಿಗೆ ಹೋಗುವದು ನಿಂತು, ಸಂಸ್ಥಾನದ ಗಂಧವು ಕೊಳ್ಳುವವರಿಲ್ಲದೆ ಬಿದ್ದಿತ್ತು. ಆಗ ಈ ಸಂಸ್ಥೆಯ ಪ್ರೊಫೆಸರರಾದ ಸಡ್‌ಬರೋ ಮತ್ತು ವಾಟ್ಸನ್ ಇವರು ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರಖಾನೆಯು ಆರಂಭವಾಯಿತು. 1918ರಲ್ಲಿ ಎಸ್. ಜಿ. ಶಾಸ್ತ್ರಿಗಳ ಪರಿಶ್ರಮದಿಂದ ಮೈಸೂರು ಸಾಬೂನು ಹೊರಬಿದ್ದಿತು. ಕಲಿತ ವಿದ್ಯಾರ್ಥಿಗಳಿಗೆ ಉದ್ಯೋಗವೆಲ್ಲಿ ಎಂದು ಕರ್ಜನ್ನರು ಕೇಳಿದ್ದ ಪ್ರಶ್ನೆಗೆ ಮೈಸೂರು ಕೊಟ್ಟ ಉತ್ತರವಿದು.

1956ರ ನವೆಂಬರ 1ರಂದು ಧಾರವಾಡ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಮೈಸೂರ ರಾಜ್ಯದೊಡನೆ ಕೂಡಿತು. ಅಂದು ಆ ಜಿಲ್ಲೆಯಲ್ಲಿದ್ದ ಹಿರೇಕೆರೂರ, ಹಾನಗಲ್ಲ, ಶಿಗ್ಗಾಂವಿ, ಸವಣೂರ ತಾಲೂಕುಗಳು 1997ರಿಂದ ಹಾವೇರಿ ಜಿಲ್ಲೆಗೆ ಸೇರಿವೆ. ಶೇಷಾದ್ರಿ ಅಯ್ಯರರು ಒಪ್ಪಿದ ಪಾಲಿನ ವಾರಸುದಾರಿಕೆಯು ಹೀಗೆ ಈ ತಾಲೂಕುಗಳ ಜನರಿಗೂ ಬಂದಿತು. 1958ರಲ್ಲಿ ಸಂಸ್ಥೆಯು ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆಯನ್ನು ಪಡೆಯಿತು. ಮೊದಲನೆಯ ಮಸುದೆಯಲ್ಲಿ ಪಾದಶಹರು ಅದನ್ನು ಕರೆದಿದ್ದದ್ದು ಸಂಶೋಧನ ವಿಶ್ವವಿದ್ಯಾಲಯವೆಂದೇ. ಬೆಂಗಳೂರಿನ ಜನಸಾಮಾನ್ಯರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.